ಅಂಟು ಬಿಟ್ಟ ಜಾಗವನ್ನು ಧ್ವನಿಯಿಂದ ಹುಡುಕಿದ ಬಗೆ

ಎಪಾಕ್ಸಿ ಅಂಟಿನಿಂದ ಕೂಡಿಸಿದ ಎರಡು ಕಾರ್ಬನ್ ಫೈಬರ್ ಹಲಗೆಗಳ ನಡುವೆ ಅಂಟು ಎಲ್ಲಿ ಬಿಟ್ಟಿದೆ ಎಂದು ಅಲ್ಟ್ರಾಸಾನಿಕ್ ವಿಧಾನದಿಂದ ಪತ್ತೆ ಮಾಡುವ ಕೆಲಸದಲ್ಲಿ ನನ್ನ ಹೆಚ್ಚಿನ ಸಮಯ ಹಿಡಿದದ್ದು ಪರೀಕ್ಷೆಯಲ್ಲ, ಉಪಕರಣವನ್ನು ಹೊಂದಿಸಿಕೊಳ್ಳಲು ಬೇಕಾದ ಮಾದರಿ ತುಂಡಿನ ತಯಾರಿ.

ಒಂದೊಂದು ಹಲಗೆಯ ದಪ್ಪ 3 ಮಿ.ಮೀ. ಆ ದಿಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 3000 ಮೀಟರ್ ಇರುವುದರಿಂದ, ಅಂಟಿನ ಗಡಿಗೆ ತಾಗಿ ಮರಳುವ ಪ್ರತಿಧ್ವನಿ ಪರದೆಯ ಮೇಲೆ 2 ಮೈಕ್ರೋಸೆಕೆಂಡಿನ ಜಾಗದಲ್ಲಿ ಏಳುತ್ತದೆ. ಅಂಟು ಹಿಡಿದಿದ್ದರೆ ಧ್ವನಿಯ ಬಹುಪಾಲು ಕೆಳಗಿಳಿದುಹೋಗಿ ಆ ಗೆರೆ ಗಿಡ್ಡದಾಗಿರುತ್ತದೆ. ನಡುವೆ ಗಾಳಿ ಇದ್ದರೆ ಬಹುತೇಕ ಎಲ್ಲವೂ ಹಿಂದಿರುಗಿ 2, 4, 6 ಎಂದು ಗೆರೆಗಳು ಇಳಿಮೆಟ್ಟಿಲಿನಂತೆ ಸಾಲುಗಟ್ಟುತ್ತವೆ. ತೊಡಕು ಇರುವುದು ಇಲ್ಲೇ. ಎರಡು ಹಲಗೆಗಳ ದಪ್ಪವೂ ಒಂದೇ ಆದಾಗ, ಸರಿಯಾಗಿ ಅಂಟಿದ ಜೋಡಣೆಯ ತಳದ ಪ್ರತಿಧ್ವನಿಯೂ 4ರ ಆಸುಪಾಸಿನಲ್ಲೇ ಬರುತ್ತದೆ. ಹಾಗಾಗಿ ಗೇಟನ್ನು, ಅಂದರೆ ಪರದೆಯಲ್ಲಿ ಅಳೆಯಬೇಕಾದ ಜಾಗವನ್ನು ಗುರುತಿಸುವ ಕಿಂಡಿಯನ್ನು, ತಳದ ಪ್ರತಿಧ್ವನಿಯ ಮೇಲೆ ಇಡದೆ, 2ರ ಗೆರೆಯ ಎತ್ತರವನ್ನೇ ಅಳೆದೆ.

ಮಾದರಿಯಲ್ಲಿ ದೋಷವನ್ನು ಬೇಕೆಂದೇ ಹುದುಗಿಸಲು ಅಂಟಿನೊಳಗೆ ಟೆಫ್ಲಾನ್ ಹಾಳೆ ಇಡುವುದು ವಾಡಿಕೆ. ಆದರೆ ಗಡಿಯಲ್ಲಿ ಎಷ್ಟು ಧ್ವನಿ ಮರಳುತ್ತದೆ ಎಂಬುದು ಎರಡು ವಸ್ತುಗಳ ಧ್ವನಿ ಪ್ರತಿರೋಧದ (ಸಾಂದ್ರತೆ ಮತ್ತು ಧ್ವನಿವೇಗದ ಗುಣಲಬ್ಧ) ವ್ಯತ್ಯಾಸವನ್ನು ಅವಲಂಬಿಸುತ್ತದೆ; ಟೆಫ್ಲಾನ್‌ನದು ಎಪಾಕ್ಸಿಯದಕ್ಕೆ ತೀರ ಹತ್ತಿರ. ಅಂಟು ಅದನ್ನು ಚೆನ್ನಾಗಿ ತೋಯಿಸಿದರೆ ಧ್ವನಿಗೆ ಆ ಹಾಳೆ ಇದ್ದೂ ಇಲ್ಲದಂತೆ. ಅದಕ್ಕಾಗಿ ಎರಡು ಹಾಳೆಗಳನ್ನು ಜೋಡಿಸಿ, ನಡುವೆ ಗಾಳಿ ಉಳಿಯುವಂತೆ ಅಂಚು ಮುಚ್ಚಿ ಇಟ್ಟೆ. ಜೊತೆಗೆ ಇನ್ನೊಂದು ತುಂಡಿಗೆ ಹಿಂಬದಿಯಿಂದ ಅಂಟಿನವರೆಗೆ ಚಪ್ಪಟೆ ತಳದ ರಂಧ್ರ ಕೊರೆಸಿದೆ. ನನ್ನ ಮಟ್ಟಿಗೆ ರಂಧ್ರವೇ ಹೆಚ್ಚು ನಂಬಿಕೆಗೆ ಅರ್ಹ.

ಧ್ವನಿಯನ್ನು ಕಳಿಸಿ ಮರಳಿದ್ದನ್ನು ಹಿಡಿಯುವ ಪ್ರೋಬ್ 5 ಮೆಗಾಹರ್ಟ್ಸ್‌ನದು. ಈ ಆವರ್ತನದಲ್ಲಿ ಎಪಾಕ್ಸಿಯೊಳಗಿನ ತರಂಗದ ಉದ್ದ ಸುಮಾರು 0.5 ಮಿ.ಮೀ. ಅಂಟಿನ ದಪ್ಪ ಅದರ ಅರ್ಧ, ಅಂದರೆ 0.25 ಮಿ.ಮೀ. ಇರುವಲ್ಲಿ ಗಡಿಯ ಪ್ರತಿಧ್ವನಿ ಬಹುತೇಕ ಅಡಗಿಹೋಗುತ್ತದೆ; ಕಾಲುಭಾಗವಾದಲ್ಲಿ ಎತ್ತರಕ್ಕೇರುತ್ತದೆ. ಆದ್ದರಿಂದ ಗೆರೆ ಸ್ವಲ್ಪ ಎದ್ದ ಮಾತ್ರಕ್ಕೆ ಅಂಟು ಬಿಟ್ಟಿದೆ ಎನ್ನದೆ, ಮರುಕಳಿಸುವ ಸಾಲೂ ಕಂಡರೆ ಮಾತ್ರ ಆ ಜಾಗಕ್ಕೆ ಗುರುತು ಹಾಕುತ್ತಿದ್ದೆ.

ಮೇಲ್ಮೈಯಲ್ಲಿ ಜಿಡ್ಡು ಉಳಿದು, ಅಂಟು ತಾಗಿದ್ದರೂ ಬಲವಾಗಿ ಹಿಡಿಯದ ಜೋಡಣೆ ಈ ವಿಧಾನಕ್ಕೆ ಸಿಗುವುದಿಲ್ಲ, ಏಕೆಂದರೆ ಧ್ವನಿ ಅದರೊಳಗಿಂದ ಸರಾಗವಾಗಿ ದಾಟುತ್ತದೆ. ಹೀಗಾಗಿ ವರದಿಯಲ್ಲಿ ‘ಅಂಟು ಗಟ್ಟಿಯಾಗಿದೆ’ ಎಂದು ಬರೆಯದೆ ‘ಅಂಟು ಬಿಟ್ಟ ಜಾಗ ಕಂಡುಬಂದಿಲ್ಲ’ ಎಂದಷ್ಟೇ ಬರೆದೆ. ಬಲದ ಲೆಕ್ಕಕ್ಕೆ ಅದೇ ದಿನ, ಅದೇ ಅಂಟಿನಿಂದ ಕೂಡಿಸಿದ ತುಂಡುಗಳನ್ನು ಎಳೆದು ಮುರಿಯುವ ಪರೀಕ್ಷೆಗೆ ಕಳುಹಿಸಿದೆ.