ಇಂಜಿನ್ ಕುಣಿತ ನಿಲ್ಲಿಸಲು ಹೋಗಿ ಕಾರೆಲ್ಲ ನಡುಗದಿರಲಿ

ಮಳೆಗಾಲಕ್ಕೆ ಸ್ವಲ್ಪ ಮೊದಲು ಕುಮಟೆಯ ಹುಡುಗನೊಬ್ಬ ಕಾರವಾರದ ನಮ್ಮ ಮನೆ ಎದುರು ಕಾರು ತಂದು ನಿಲ್ಲಿಸಿದ. ಟರ್ಬೊ ಇಂಜಿನ್ನಿನ ಪುಟ್ಟ ಸ್ಪೋರ್ಟ್ಸ್ ಕಾರು. ‘ಅಣ್ಣಾ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣ್ತದೆ’ ಅಂದ. ಇಂಜಿನ್ ಚಾಲೂ ಇತ್ತು. ಬಾಗಿಲ ಮೇಲೆ ಕೈಯಿಟ್ಟರೆ ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗಿತ್ತು. ಫಸ್ಟ್ ಗೇರಿನಲ್ಲಿ ಧಡ್ ಅನ್ನುತ್ತದೆ ಎಂದು ಮೂರೂ ಇಂಜಿನ್ ಮೌಂಟ್ ತೆಗೆಸಿ, ರೇಸಿಗೆ ಹಾಕುವಂಥ ಗಟ್ಟಿ ಮೌಂಟ್ ಹಾಕಿಸಿದ್ದ. ಹಳೆಯವು ಡಿಕ್ಕಿಯಲ್ಲೇ ಇದ್ದವು. ತೆಗೆದು ನೋಡಿದೆ. ಎರಡು ಸರಿಯಾಗಿಯೇ ಇದ್ದವು. ಕೆಳಗಿನ ಒಂದರ ರಬ್ಬರ್ ಹರಿದಿತ್ತು, ಅಷ್ಟೇ. ಅದೊಂದನ್ನು ಹೊಸದು ಹಾಕಿದ್ದರೆ ಮುಗಿದು ಹೋಗುತ್ತಿತ್ತು.

ಇಂಥವರನ್ನು ನಾಲ್ಕೈದು ಮಂದಿ ನೋಡಿದೆ. ಹಾಗಾಗಿ ಈ ಲೇಖನ.

ಮೌಂಟ್ ಅಂದರೆ ಇಂಜಿನ್ನನ್ನು ಕಾರಿನ ಬಾಡಿಗೆ ಹಿಡಿದಿಡುವ, ಕಬ್ಬಿಣದ ನಡುವೆ ರಬ್ಬರ್ ಅಂಟಿಸಿದ ತುಂಡು. ಗ್ಯಾರೇಜುಗಳಲ್ಲಿ ‘ಇಂಜಿನ್ ಫೌಂಡೇಶನ್’ ಅಂತಲೂ ಹೇಳುತ್ತಾರೆ. ಅದಕ್ಕೆ ಎರಡು ಕೆಲಸ, ಎರಡೂ ಒಂದಕ್ಕೊಂದು ವಿರುದ್ಧ. ಇಂಜಿನ್ ಅಲ್ಲಾಡದಂತೆ ಹಿಡಿಯಬೇಕು, ಅದರ ನಡುಕ ಒಳಗೆ ಬಾರದಂತೆ ತಡೆಯಲೂ ಬೇಕು. ಗಟ್ಟಿ ಮಾಡಿದಷ್ಟೂ ಮೊದಲನೆಯದು ಚೆನ್ನಾಗುತ್ತದೆ, ಎರಡನೆಯದು ಕೆಡುತ್ತದೆ. ಎರಡೂ ಬೇಕು ಅನ್ನುವವರಿಗೆ ಮಾರಲು ಯಾರ ಹತ್ತಿರವೂ ಮಾಲಿಲ್ಲ.

ಮೊದಲ ಹೆಜ್ಜೆ: ಹರಿದಿದೆಯಾ ನೋಡಿ

ಗಟ್ಟಿ ಮೌಂಟ್ ಬೇಕು ಅನ್ನಿಸುವ ಹತ್ತರಲ್ಲಿ ಏಳೆಂಟು ಕಾರುಗಳಿಗೆ ಬೇಕಿರುವುದು ಹೊಸ ಮೌಂಟ್. ಇದು ನನ್ನ ಅಂದಾಜು, ಆದರೂ ಗಟ್ಟಿಯಾಗಿ ಹೇಳುತ್ತೇನೆ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಬಾನೆಟ್ ತೆಗೆಯಿರಿ. ಒಬ್ಬರು ಒಳಗೆ ಕೂತು ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಹಿಡಿಯುವ ಹಂತದವರೆಗೆ ಮಾತ್ರ ಬಿಡಲಿ. ಮತ್ತೆ ಒತ್ತಲಿ. ಆಮೇಲೆ ರಿವರ್ಸ್‌ನಲ್ಲಿ ಹಾಗೇ. ಆಟೊಮ್ಯಾಟಿಕ್ ಆದರೆ ಡಿ ಮತ್ತು ಆರ್ ಸಾಕು. ನೀವು ಪಕ್ಕದಲ್ಲಿ ನಿಂತು ನೋಡಿ. ಕಾರಿನ ಎದುರಿಗೂ ಹಿಂದೆಯೂ ಯಾರೂ ನಿಲ್ಲಬಾರದು, ನೋಡಲು ಬಂದ ಪಕ್ಕದ ಮನೆಯ ಮಕ್ಕಳೂ ಸೇರಿ. ಇಂಜಿನ್ ಸ್ವಲ್ಪ ವಾಲಿ ಮರಳುವುದು ಸಹಜ. ಒಂದು ಇಂಚಿಗಿಂತ ಜಾಸ್ತಿ ಹಾರಿ, ಕೊನೆಗೆ ಟಕ್ ಎಂದು ಕಬ್ಬಿಣಕ್ಕೆ ಬಡಿದರೆ ಯಾವುದೋ ಮೌಂಟ್ ಹೋಗಿದೆ.

ಇಂಜಿನ್ ಆಫ್ ಮಾಡಿ ಟಾರ್ಚ್ ಹಾಕಿ ನೋಡಿ. ನಮ್ಮ ಕರಾವಳಿಯಲ್ಲಿ ರಬ್ಬರ್ ಹರಿಯುವ ಮೊದಲೇ ಅದು ಕಬ್ಬಿಣಕ್ಕೆ ಅಂಟಿಕೊಂಡ ಜಾಗದಲ್ಲಿ ತುಕ್ಕು ಹೊಕ್ಕು ಬಿಟ್ಟುಕೊಳ್ಳುವುದುಂಟು. ಉಪ್ಪು ಗಾಳಿಯ ಕೆಲಸ. ಮೇಲಿಂದ ಕಾಣುವುದಿಲ್ಲ, ಸಣ್ಣ ಹಾರೆಯಿಂದ ಮೆಲ್ಲಗೆ ಮೀಟಿದರೆ ಬಾಯಿ ಬಿಡುತ್ತದೆ. ಕೆಲವು ಕಾರುಗಳ ಮೌಂಟಿನೊಳಗೆ ದ್ರವ ತುಂಬಿರುತ್ತದೆ. ಅದರ ಕೆಳಗೆ ಕಪ್ಪು ಜಿಗುಟು ಇಳಿದಿದ್ದರೆ ಅದರ ಆಯಸ್ಸು ಮುಗಿಯಿತು.

ಎಲ್ಲ ಸರಿಯಿದ್ದೂ ಧಡ್ ಅನ್ನುತ್ತದೆಯಾ? ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್, ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮಿನ ಬುಷ್ ನೋಡಿಸಿ. ಐಡಲ್‌ನಲ್ಲಿ (ಕಾರು ನಿಂತು ಇಂಜಿನ್ ಓಡುತ್ತಿರುವಾಗ) ಮಾತ್ರ ನಡುಗುತ್ತದೆಯಾ? ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ ಮೊದಲು.

ಎರಡನೆಯ ಹೆಜ್ಜೆ: ಯಾವ ಮೌಂಟ್?

ಮುಂದಿನ ಚಕ್ರ ಓಡುವ, ಇಂಜಿನ್ ಅಡ್ಡಡ್ಡ ಕೂತ ಕಾರುಗಳಲ್ಲಿ ಸಾಮಾನ್ಯವಾಗಿ ಮೇಲೆ ಎರಡು ಮೌಂಟ್ ಇರುತ್ತವೆ. ಒಂದು ಇಂಜಿನ್ ಬದಿಗೆ, ಒಂದು ಗೇರ್‌ಬಾಕ್ಸ್ ಬದಿಗೆ. ಭಾರವೆಲ್ಲ ಅವುಗಳ ಮೇಲೆ. ಕೆಳಗೆ ನಾಯಿಯ ಎಲುಬಿನ ಆಕಾರದ ಒಂದು ತುಂಡು ಇರುತ್ತದೆ, ಟಾರ್ಕ್ ರಾಡ್. ಅದು ಭಾರ ಹೊರುವುದಿಲ್ಲ. ಇಂಜಿನ್ ಹಿಂದೆ ಮುಂದೆ ವಾಲದಂತೆ ಹಿಡಿಯುತ್ತದೆ, ಅಷ್ಟೇ.

ಅಷ್ಟೇ ಅಂದೆ, ಲೆಕ್ಕ ಹಾಕಿ ನೋಡಿ. ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 200 ನ್ಯೂಟನ್ ಮೀಟರ್ ಇರಲಿ. ಫಸ್ಟ್ ಗೇರಿನ ಅನುಪಾತ 3.5, ಅದರ ಮುಂದಿನ ಕೊನೆಯ ಗೇರ್ ಜೋಡಿ, ಫೈನಲ್ ಡ್ರೈವ್, 4 ಅಂದುಕೊಂಡರೆ ಚಕ್ರಗಳಿಗೆ ಹೋಗುವುದು 2800. ಎರಡು ಚಕ್ರಗಳಿಗೆ ಅದನ್ನು ಹಂಚುವ ಡಿಫರೆನ್ಷಿಯಲ್ ಕೂಡ ಅದೇ ಗೇರ್‌ಬಾಕ್ಸಿನೊಳಗೆ ಇರುವುದರಿಂದ ಇಂಜಿನ್ನನ್ನು ಉಲ್ಟಾ ತಿರುಗಿಸುವುದೂ ಅಷ್ಟೇ ಬಲ. ಅರ್ಧ ಮೀಟರ್ ದೂರದಲ್ಲಿ ಟಾರ್ಕ್ ರಾಡ್ ಒಂದೇ ಅದನ್ನು ಹಿಡಿಯಬೇಕಾದರೆ 5600 ನ್ಯೂಟನ್, ಅಂದರೆ ಸುಮಾರು 570 ಕೆಜಿ ಎಳೆತ. ಮಳೆಯಲ್ಲಿ ಕೆಂಪು ರಾಡಿ ಹರಿದ ರಸ್ತೆಯಲ್ಲಿ ಜೋರಾಗಿ ಹೊರಟರೆ ಮುಂದಿನ ಚಕ್ರ ಟಕಟಕ ಕುಣಿಯುತ್ತದಲ್ವಾ, ಅದರಲ್ಲಿ ಈ ರಾಡಿನ ಮೆತ್ತನೆ ರಬ್ಬರಿನ ಪಾಲು ದೊಡ್ಡದು. ಚಕ್ರ ಹಿಡಿಯುತ್ತದೆ, ಜಾರುತ್ತದೆ, ಇಂಜಿನ್ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟೇ: ರಸ್ತೆಯ ಕಾರಿಗೆ ಕೆಳಗಿನ ಟಾರ್ಕ್ ರಾಡ್ ಒಂದನ್ನೇ ಗಟ್ಟಿ ಮಾಡಿ. ಮೇಲಿನ ಎರಡಕ್ಕೆ ಕಂಪನಿಯ ಹೊಸ ರಬ್ಬರ್. ಲಾಭದ ಹೆಚ್ಚಿನ ಪಾಲು ಇದರಲ್ಲೇ ಸಿಗುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಆ ರಾಡಿನ ಮೇಲೆ ಎಳೆತ ಕಡಿಮೆ, ಹಾಗಾಗಿ ನಡುಕವೂ ತಡೆದುಕೊಳ್ಳುವಷ್ಟೇ. ಆಟೊಮ್ಯಾಟಿಕ್‌ನವರಿಗೆ ಸಿಗ್ನಲ್ಲಿನಲ್ಲಿ ಡಿ ಹಾಕಿ ನಿಂತಾಗ ಸ್ವಲ್ಪ ಜಾಸ್ತಿ ತಿಳಿಯುತ್ತದೆ. ಹಿಂದಿನ ಚಕ್ರ ಓಡುವ ಕಾರಾದರೆ ಲೆಕ್ಕ ಬೇರೆ. ಅಲ್ಲಿ ನಾನು ಗೇರ್‌ಬಾಕ್ಸ್ ಮೌಂಟಿನಿಂದ ಶುರು ಮಾಡುತ್ತೇನೆ. ಗೇರ್ ಬೀಳುವುದು ಚೊಕ್ಕ ಆಗುತ್ತದೆ.

ಮೂರನೆಯ ಹೆಜ್ಜೆ: ಎಷ್ಟು ಗಟ್ಟಿ?

ಎಲ್ಲರೂ ಎಡವುವುದು ಇಲ್ಲೇ, ಸಾವಧಾನ ಓದಿ.

ಗಡಸುತನ ಅಳೆಯುವ ಮಾಪಕಕ್ಕೆ ಶೋರ್ ಎ ಅನ್ನುತ್ತಾರೆ. ಸೊನ್ನೆಯಿಂದ 100ರವರೆಗೆ. ಕಂಪನಿಯಿಂದ ಬರುವ ರಬ್ಬರ್ ಸಾಮಾನ್ಯವಾಗಿ 45ರಿಂದ 60ರೊಳಗೆ. ಟೈರಿನ ಮೇಲ್ಮೈ 60ರಿಂದ 70. ಪಾಲಿಯುರೆಥೇನ್, ಅಂದರೆ ನಾವು ಪಿಯು ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್, 60ರಿಂದ 95ರವರೆಗೂ ಸಿಗುತ್ತದೆ. ಆಮೇಲಿನದು ಬರೀ ಅಲ್ಯೂಮಿನಿಯಂ. ಅದನ್ನು ರಸ್ತೆಯ ಕಾರಿಗೆ ಹಾಕಬೇಡಿ. ನಡುಕ ಹೋಗಲಿ, ಬ್ರ್ಯಾಕೆಟ್ಟೇ ಬಿರುಕು ಬಿಟ್ಟೀತು.

ದಿನಾ ಓಡಿಸುವ ಕಾರಿಗೆ 70 ದಾಟಬೇಡಿ. 80 ಆದರೂ ನಡೆಯುತ್ತದೆ ಅನ್ನುವವರ ಕಾರಿನಲ್ಲಿ ಎಸಿ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ನಮ್ಮ ಸೆಕೆಗೆ ಎಸಿ ಇಲ್ಲದೆ ಆಗುವುದಿಲ್ಲ, ಎಸಿ ಹಾಕಿದರೆ ಐಡಲ್‌ನಲ್ಲಿ ಇಂಜಿನ್ನಿನ ಮೇಲೆ ಹೊರೆ ಏರುತ್ತದೆ. ಅಂಗಡಿಯವನು ಎಸಿ ಆಫ್ ಮಾಡಿ ತೋರಿಸುತ್ತಾನೆ, ಅದೇ ಅವನ ಉಪಾಯ. ಮೂರು ಸಿಲಿಂಡರ್ ಇಂಜಿನ್ ಆದರೆ ಇನ್ನೂ ಹುಷಾರು. 800 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಸೆಕೆಂಡಿಗೆ ಸುಮಾರು 27 ಸಲ ಗುದ್ದಿದರೆ ಮೂರು ಸಿಲಿಂಡರ್ 20 ಸಲ. ಗುದ್ದು ನಿಧಾನ ಆದಷ್ಟೂ ತಡೆಯಲು ಮೆತ್ತಗಿನ ಮೌಂಟ್ ಬೇಕು. ಇಂಥ ಕಾರಿಗೆ ಸಿಗುವುದರಲ್ಲೇ ಅತಿ ಮೆತ್ತನೆಯದನ್ನು ಹಾಕಿ, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಸಂಖ್ಯೆ ಒಂದೇ ನೋಡಿದರೂ ಸಾಲದು. ಕಂಪನಿ ರಬ್ಬರಿನ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಇಂಜಿನ್ನಿನ ಸಣ್ಣ ಚಲನೆಗೆ ಅದು ಅವಕಾಶ. ಆ ಖಾಲಿ ಇಲ್ಲದ 65ರ ಮೌಂಟ್, ಖಾಲಿ ಇರುವ 75ಕ್ಕಿಂತ ಗಟ್ಟಿ ಆಗಬಹುದು. ಹಾಗಾಗಿ ಫೋಟೊ ತರಿಸಿ, ಆಕಾರ ನೋಡಿ. ಬಣ್ಣ ನೋಡಿ ನಿರ್ಧರಿಸಬೇಡಿ. ಒಬ್ಬರ ಹಳದಿ ಇನ್ನೊಬ್ಬರ ಕಪ್ಪಿಗೆ ಸಮ ಇರುತ್ತದೆ.

ಇಡೀ ರಾಡ್ ಕೊಳ್ಳುವ ಬದಲು ಆ ಖಾಲಿ ಜಾಗಕ್ಕೆ ಸಿಕ್ಕಿಸುವ ಪಿಯು ತುಂಡು ಸಿಗುತ್ತದೆ, ಇನ್ಸರ್ಟ್ ಅಂತ. ನನ್ನ ಆಯ್ಕೆ ಅದೇ. ಅಗ್ಗ, ಮತ್ತೆ ಬೇಡ ಅನ್ನಿಸಿದರೆ ಕಿತ್ತು ಹಾಕಬಹುದು.

ಇನ್ನೊಂದು ಪ್ರಶ್ನೆಯನ್ನು ಕೇಳುವವರೇ ಇಲ್ಲ: ಪಿಯು ಯಾವ ಜಾತಿಯದು? ಪಾಲಿಯೆಸ್ಟರ್ ಆಧಾರದ ಪಿಯು ಬಿಸಿ ಮತ್ತು ತೇವ ಒಟ್ಟಿಗೆ ಸಿಕ್ಕರೆ ವರ್ಷಗಳು ಕಳೆದಂತೆ ಒಳಗಿಂದ ಮುರಿಯುತ್ತದೆ. ಮೊದಲು ಅಂಟಂಟು, ಆಮೇಲೆ ಪುಡಿ. ಬಹಳ ಕಾಲ ಇಟ್ಟ ಶೂಗಳ ಸೋಲ್ ಉದುರುತ್ತದಲ್ಲ, ಹಾಗೆ. ಪಾಲಿಯೀಥರ್ ಆಧಾರದ್ದು ನೀರಿಗೆ ಗಟ್ಟಿ. ಶಿರಸಿಯ ಮಳೆ, ಅಂಕೋಲೆಯ ಸೆಕೆ ಎರಡನ್ನೂ ಕಾಣುವ ಕಾರಿಗೆ ಎರಡನೆಯದೇ ಬೇಕು. ಮಾರುವವರಿಗೆ ಗೊತ್ತಿಲ್ಲದಿದ್ದರೆ ತಯಾರಿಸುವವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಅಂಗಡಿ ಬದಲಿಸಿ. ಶೋರ್ ಸಂಖ್ಯೆ ಬರೆಯದ, ‘ಹೆವಿ ಡ್ಯೂಟಿ’ ಅಂತ ಮಾತ್ರ ಬರೆದ ಕೆಂಪು ಡಬ್ಬಿಯ ಮಾಲು ಮುಟ್ಟಲೇ ಬೇಡಿ. ಒಮ್ಮೆ ತರಿಸಿ ಉಗುರು ಒತ್ತಿದೆ. ಒಳಗಿದ್ದದ್ದು ಬಣ್ಣ ಹಾಕಿದ ಸಾದಾ ರಬ್ಬರ್.

ಅಡ್ಡದಾರಿಯೂ ಒಂದಿದೆ. ಗಾಜು ಅಂಟಿಸುವ ಸೀಲಂಟ್ ತಂದು ಹಳೆ ಮೌಂಟಿನ ಖಾಲಿಗೆ ತುಂಬುವುದು. ಹರಿಯದ ಮೌಂಟಿಗೆ ಇದು ನಡೆಯುತ್ತದೆ, ನಾನೇ ಮಾಡಿದ್ದೇನೆ. ಆದರೆ ಆ ಸೀಲಂಟ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ದಿನಕ್ಕೆ ಒಳಗೆ ಎರಡು ಮೂರು ಮಿಲಿಮೀಟರ್ ಮಾತ್ರ. ಮೇಲೆ ಒಣಗಿತು ಎಂದು ಮರುದಿನವೇ ಹಾಕಿದರೆ ಒಳಗೆ ಹಲ್ವಾ. ವಾರಗಟ್ಟಲೆ ಬಿಡಬೇಕು, ಅಷ್ಟು ದಿನ ಕಾರು ನಿಲ್ಲಬೇಕು. ಟೈರ್ ಟ್ಯೂಬ್ ಕತ್ತರಿಸಿ ತುರುಕುವುದು ಬೇಡ, ಘಟ್ಟ ಇಳಿಯುವಷ್ಟರಲ್ಲಿ ಉದುರಿರುತ್ತದೆ.

ನಾಲ್ಕನೆಯ ಹೆಜ್ಜೆ: ಹಾಕುವುದು

ಹಾಕುವ ಮೊದಲು ಒಂದು ಪರೀಕ್ಷೆ. ಸ್ಟೀಲ್ ಲೋಟದಲ್ಲಿ ನೀರು ತುಂಬಿ ಡ್ಯಾಶ್‌ಬೋರ್ಡಿನ ಮೇಲಿಡಿ. ಎಸಿ ಹಾಕಿ ಐಡಲ್‌ನಲ್ಲಿ ಅಲೆ ಎಷ್ಟು ಏಳುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿ. ಆಮೇಲೆ ‘ಮೊದಲೂ ಹೀಗೇ ಇತ್ತು’ ಎಂದು ಮೇಸ್ತ್ರಿ ಹೇಳಿದರೆ ತೋರಿಸಲು ಬೇಕಾಗುತ್ತದೆ.

ಟಾರ್ಕ್ ರಾಡ್ ಕೆಲಸ ಅರ್ಧ ಗಂಟೆಯದು. ಮೇಲಿನ ಮೌಂಟ್ ಬಿಚ್ಚುವುದಾದರೆ ಇಂಜಿನ್ನಿಗೆ ಕೆಳಗಿಂದ ಜಾಕ್ ಕೊಡಬೇಕು, ನಡುವೆ ಅಗಲವಾದ ಮರದ ಹಲಗೆ ಇಡಬೇಕು. ಬರೀ ಜಾಕ್ ಕೊಟ್ಟರೆ ಆಯಿಲ್ ಚೇಂಬರ್ ತಗ್ಗುತ್ತದೆ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡಿ. ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಇಂಜಿನ್ನನ್ನು ಹಿಂದೆ ಮುಂದೆ ಅಲ್ಲಾಡಿಸಿ. ಅದು ತನ್ನ ಜಾಗ ಹುಡುಕಿಕೊಂಡು ಕೂರಲಿ. ಆಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟು ಬಿಗಿಯಿರಿ. ಇದನ್ನು ಬಿಟ್ಟರೆ ಇಂಜಿನ್ ಒಂದು ಕಡೆ ಎಳೆದುಕೊಂಡೇ ಇರುತ್ತದೆ, ಎಷ್ಟು ಒಳ್ಳೆ ಮೌಂಟ್ ಹಾಕಿದರೂ ನಡುಕ ಬರುತ್ತದೆ. ಕುಮಟೆಯ ಹುಡುಗನ ಕಾರಿನಲ್ಲಿ ಈ ತಪ್ಪೂ ಇತ್ತು. ಸಡಿಲಿಸಿ ಮತ್ತೆ ಕೂರಿಸಿದ್ದಕ್ಕೇ ಕನ್ನಡಿಯಲ್ಲಿ ಗಾಡಿ ಒಂದಾಯಿತು. ‘ಟಾರ್ಕ್ ಮತ್ತು 90 ಡಿಗ್ರಿ’ ಎಂದು ಕಂಪನಿಯ ಪುಸ್ತಕದಲ್ಲಿ ಬರೆದಿರುವ ಬೋಲ್ಟ್ ಆದರೆ ಹೊಸದನ್ನೇ ಹಾಕಿ. ಅವು ಒಮ್ಮೆ ಎಳೆದುಕೊಂಡರೆ ಮುಗಿಯಿತು.

ಪಿಯು ಮೇಲೆ ಸಿಲಿಕೋನ್ ಗ್ರೀಸ್ ಸವರಿ. ಇಲ್ಲದಿದ್ದರೆ ಹಳೆ ಎತ್ತಿನ ಗಾಡಿಯ ಹಾಗೆ ಕಿರುಗುಟ್ಟುತ್ತದೆ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಪಕ್ಕದ ರಬ್ಬರ್ ಉಬ್ಬುತ್ತದೆ. ಬೋಲ್ಟ್ ತಲೆಯಿಂದ ಬ್ರ್ಯಾಕೆಟ್ಟಿಗೆ ಬಣ್ಣದ ಒಂದು ಗೆರೆ ಎಳೆಯಿರಿ. ಸಡಿಲಾದರೆ ಗೆರೆ ತುಂಡಾಗಿರುತ್ತದೆ.

ಓಡಿಸಿ ನೋಡುವುದು

ಮೊದಲ ಕೆಲವು ನೂರು ಕಿಲೊಮೀಟರ್ ನಡುಕ ಜಾಸ್ತಿ ಅನ್ನಿಸಬಹುದು, ಪಿಯು ಕೂರಲು ಹೊತ್ತು ಬೇಕು. ಹೆದ್ದಾರಿಯಲ್ಲಿ ನೇರ ಓಡಿಸಿದರೆ ಏನೂ ತಿಳಿಯುವುದಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ. ತಿರುವಿನಲ್ಲಿ ಸೆಕೆಂಡ್ ಗೇರ್, ಎಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮೊದಲಿನ ಆ ಕುಲುಕು ಇಲ್ಲದೆ ಕಾರು ಕೂಡಲೇ ಎಳೆದರೆ ಕೆಲಸ ಆಯಿತು. ಶಿರಸಿಯಲ್ಲಿ ಚಹಾ ಕುಡಿದು ಬಣ್ಣದ ಗೆರೆ ನೋಡಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಗ್ರೀಸ್ ತೊಳೆದು ಹೋಗಿರುತ್ತದೆ. ಅಲ್ಯೂಮಿನಿಯಂ ಬ್ರ್ಯಾಕೆಟ್ಟಿಗೆ ಕಬ್ಬಿಣದ ಬೋಲ್ಟ್ ಇದ್ದಲ್ಲಿ ಬಿಳಿ ಪುಡಿ ಎದ್ದಿದ್ದರೆ ಬಿಚ್ಚಿ ಸ್ವಚ್ಛ ಮಾಡಿ.

ತೆಗೆದ ಮೌಂಟ್ ಹರಿದಿಲ್ಲವಾದರೆ ಎಸೆಯಬೇಡಿ. ಪೇಪರಿನಲ್ಲಿ ಸುತ್ತಿ ಬಿಸಿಲು ಬೀಳದ ಕಡೆ ಇಡಿ. ಕಾರು ಮಾರುವ ದಿನ ಅದನ್ನೇ ಹಾಕಬೇಕು. ಕೊಳ್ಳಲು ಬಂದವರು ಸ್ಟೇರಿಂಗ್ ಹಿಡಿದು ‘ಇಂಜಿನ್ ಹೋಗಿದೆಯಲ್ರೀ’ ಅಂದರೆ, ಅದು ಪಿಯು ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ರೇಟು ಇಳಿದಿರುತ್ತದೆ.