ಬೆಂಕಿ ಇಡದೆ ಹೆದರ್ ಸವರಿದ ನನ್ನ ಅನುಭವ

ಯಾರ್ಕ್‌ಷೈರ್‌ನ (ಇಂಗ್ಲೆಂಡ್) ಗುಡ್ಡದ ಮೇಲೆ ಹೆದರ್ ಅನ್ನೋ ಕುರುಚಲು ಗಿಡವನ್ನು ಸುಡದೆಯೇ ಕತ್ತರಿಸಿ ಸವರುತ್ತೇನೆ ಅಂದಾಗ ಮೊದಲು ನಕ್ಕವರು ಅಲ್ಲಿ ಬೇಟೆ ಹಕ್ಕಿಗಳನ್ನು ನೋಡಿಕೊಳ್ಳೋ ಹಳೇ ಗೇಮ್‌ಕೀಪರ್. ಬೇಟೆಯ ಗ್ರೌಸ್ ಹಕ್ಕಿಗೆ ಹೆದರ್‌ನ ಎಳೆ ಚಿಗುರು ಬೇಕು ಅಂತ ಅಜ್ಜನ ಕಾಲದಿಂದ ಪಟ್ಟೆ ಪಟ್ಟೆಯಾಗಿ ಸುಟ್ಟುಕೊಂಡು ಬಂದವರು. ತಿಪಟೂರಿನವನಿಗೆ ಹೆದರ್ ಏನು ಗೊತ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಇತ್ತು.

2021ರ ಮೇ ತಿಂಗಳಲ್ಲಿ ಕಾನೂನು ಬಂತು. ಸಂರಕ್ಷಿತ ಜೌಗಿನಲ್ಲಿ ಪೀಟ್ (ಅರ್ಧ ಕೊಳೆತ ಪಾಚಿ-ಗಿಡಗಳ ಕಪ್ಪು ಮಣ್ಣು) 40 ಸೆಂ.ಮೀ.ಗಿಂತ ಆಳ ಇದ್ದರೆ ಲೈಸೆನ್ಸ್ ಇಲ್ಲದೆ ಸುಡೋ ಹಾಗಿಲ್ಲ. ಸಲಾಕೆ ಹಿಡಿದು ಗುಡ್ಡವೆಲ್ಲ ಚುಚ್ಚಿದೆ. ಇಲ್ಲಿ 38, ನಾಲ್ಕು ಹೆಜ್ಜೆ ಆಚೆ 70. ಎರಡು ಸೆಂಟಿಮೀಟರ್‌ಗೆ ಏನು ಜಗಳ ಅಂದರು ಕೀಪರ್. ಪೀಟ್ ಬೆಳೆಯೋದು ವರ್ಷಕ್ಕೆ ಹೆಚ್ಚುಕಡಿಮೆ 1 ಮಿ.ಮೀ., ಅದು ಇಪ್ಪತ್ತು ವರ್ಷದ ಜಗಳ ಅಲ್ವಾ? ನಾನು 38 ಇದ್ದಲ್ಲೂ ಸವರಿದೆ. 2025ರ ಸೆಪ್ಟೆಂಬರ್ ಕೊನೆಗೆ ಮಿತಿಯೇ 30ಕ್ಕೆ ಇಳಿಯಿತು. ಅವತ್ತು ಕೀಪರ್‌ಗೆ ಫೋನ್ ಮಾಡಿದ್ದು ನಿಜ. ಸುಮ್ನೆ, ಮಳೆ ಹೇಗಿದೆ ಅಂತ ಕೇಳೋಕೆ.

ಮೊದಲ ಚಳಿಗಾಲ ಮಾತ್ರ ಮರ್ಯಾದೆ ಹೋಗಿತ್ತು. ಬಾಡಿಗೆ ಟ್ರ್ಯಾಕ್ಟರ್ ಆಕ್ಸಲ್‌ವರೆಗೆ ಹೂತುಹೋಯಿತು. ಎಳೆಸೋಕೆ ಸುಮಾರು 1,800 ಪೌಂಡ್, ಆ ತಿಂಗಳ ಲಾಭ ಪೂರ್ತಿ. ಅಗಲ ಪಟ್ಟಿಯ ಗಾಡಿ ತಂದ ಮೇಲೆ ಇನ್ನೊಂದು ತಪ್ಪು: ಗಿಡ ಕೊಚ್ಚೋ ಫ್ಲೇಲ್ ಯಂತ್ರವನ್ನು ತೀರಾ ಕೆಳಗಿಳಿಸಿ ಪಾಚಿಯ ದಿಬ್ಬಗಳ ನೆತ್ತಿಯನ್ನೇ ಬೋಳಿಸಿಬಿಟ್ಟೆ. ಕಪ್ಪು ಪೀಟ್ ಹುಣ್ಣಿನ ಹಾಗೆ ತೆರೆದುಕೊಂಡಿತು. ಈಗ ಒಂದು ಗೇಣು ಬಿಟ್ಟೇ ಸವರೋದು. ಸವರಿದ ಕಡ್ಡಿಯನ್ನು ಆ ಹುಣ್ಣುಗಳ ಮೇಲೇ ಹರಡಿದೆ.

ನೀರು ಹರಿದುಹೋಗದೆ ನಿಲ್ಲಲಿ ಅಂತ ಕೊರಕಲುಗಳಿಗೆ ಅಡ್ಡ ಹಾಕೋಕೆ ತೆಂಗಿನ ನಾರಿನ ದಿಮ್ಮಿ ಬಂದವು. ಪ್ಲಾಸ್ಟಿಕ್ ಬಿಚ್ಚಿದರೆ ನಮ್ಮೂರ ಮಟ್ಟೆ ಗುಂಡಿಯ ನೆನಪು! ಅದರದೇ ಬೆಲೆ ನೋಡಿ ಎದೆ ಧಸಕ್ ಅಂತು. ಉಳಿಸೋಣ ಅಂತ ಹೆದರ್ ಕಟ್ಟುಗಳನ್ನೇ ತುರುಕಿದೆ. ಮೊದಲ ಜೋರು ಮಳೆಗೆ ಕೆಳಗಿನ ಬೇಲಿಯವರೆಗೆ ತೇಲಿಹೋದವು.

ನೀರು ಹಿಡಿದಿಡೋ ಜೌಗು ಪಾಚಿ ಸ್ಫ್ಯಾಗ್ನಮ್‌ನ ಸಸಿ ಮೂರು ಸಾವಿರದಷ್ಟು ವಸಂತದಲ್ಲಿ ನೆಟ್ಟೆ. ಒಣಗಾಳಿಗೆ ಮುಕ್ಕಾಲು ಸತ್ತವು. ಶರತ್ಕಾಲದಲ್ಲಿ ನೆಟ್ಟವು ಹಿಡಿದವು. ಯಾವ ಜಾತಿ ಯಾವ ಗುಂಡಿಯ ಅಂಚಿಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಖರ್ಚು ಸುಡೋದಕ್ಕಿಂತ ಜಾಸ್ತಿಯೇ, ಎಕರೆಗೆ ನೂರು ಪೌಂಡ್ ಆಸುಪಾಸು. ಆದರೆ ಕಳೆದ ಬೇಸಿಗೆ ನೆಲಕ್ಕೆ ಅಂಗೈ ಅದುಮಿದರೆ ಬೆರಳ ಸಂದಿಯಲ್ಲಿ ನೀರು ಜಿನುಗುತ್ತಿತ್ತು. ಕೀಪರ್ ತಾವೂ ಅದುಮಿ ನೋಡಿದರು. ಕೈ ಒರೆಸಿಕೊಳ್ಳುತ್ತಾ, ಆಚೆ ಗುಡ್ಡಕ್ಕೆ ಎಷ್ಟಾಗುತ್ತೆ ಅಂದರು.