ಟೂಫೋಲ್ಡ್: ಎಷ್ಟು ಪಟ್ಟು, ಎಷ್ಟು ಬಗೆ?

ಶಿರಸಿಯಲ್ಲಿ ಕೃಷಿ ಕರಪತ್ರ, ಶರಬತ್ತಿನ ಲೇಬಲ್ಲು, ಸಂಘಗಳ ವರದಿ ಅನುವಾದಿಸುವವರಿಗೆ ಇಂಗ್ಲಿಷಿನ ‘ಟೂಫೋಲ್ಡ್’ (twofold) ಸಿಕ್ಕೇ ಸಿಗುತ್ತದೆ. ‘ಇಮ್ಮಡಿ ಅಂತ ಬರೆದು ಮುಂದೆ ಹೋಗಿ ಮಾರಾಯ್ರೆ’ ಎಂದವರೇ ಜಾಸ್ತಿ. ಆ ಮಾತು ಬಿಟ್ಟು ಮೂರು ಮಳೆಗಾಲ ಕಳೆಯಿತು. ಈ ಪದದ ದೆಸೆಯಿಂದ ಒಂದು ಹಾಳೆಯೂ ವಾಪಸು ಬಂದಿಲ್ಲ.

ಇಮ್ಮಡಿ ಕೆಟ್ಟ ಪದವೇನಲ್ಲ. ಇಂಗ್ಲಿಷಿನ ‘ಫೋಲ್ಡ್’ ಮಡಿಕೆಯಿಂದ ಬಂದದ್ದು, ನಮ್ಮದೂ ಮಡಿಯೇ. ಆದರೆ ಇಮ್ಮಡಿ ಪುಲಿಕೇಶಿ ಎಂದರೆ ಎರಡನೆಯವನು, ನಾಲ್ವಡಿ ಕೃಷ್ಣರಾಜರು ನಾಲ್ಕನೆಯವರು. ಹೆಸರಿನ ಮುಂದೆ ಕ್ರಮ, ಮೊತ್ತದ ಮುಂದೆ ಪ್ರಮಾಣ. ಇಂಗ್ಲಿಷಿನ ಪದಕ್ಕೆ ಕ್ರಮದ ಅರ್ಥ ಇಲ್ಲವೇ ಇಲ್ಲ. ಅದಕ್ಕಿರುವುದು ಎರಡೇ: ಎರಡರಷ್ಟು, ಇಲ್ಲವೇ ಎರಡು ಬಗೆಯದು.

ಹಾಗಾಗಿ ಮೊದಲು ನೋಡುವುದು ಅಕ್ಕಪಕ್ಕದ ಪದ. ‘ಇನ್‌ಕ್ರೀಸ್’, ‘ರೈಸ್’ ಇದ್ದರೆ ಪ್ರಮಾಣ. ‘ಪರ್ಪಸ್’, ‘ರೀಸನ್’, ‘ಪ್ರಾಬ್ಲೆಮ್’ ಮೊದಲು ಬಂದು ವಾಕ್ಯ ಟೂಫೋಲ್ಡಿಗೆ ಮುಗಿದರೆ ಬಗೆ. ‘ದಿ ಪರ್ಪಸ್ ಈಸ್ ಟೂಫೋಲ್ಡ್’ ಎಂಬುದನ್ನು ಮೊದಮೊದಲು ‘ಉದ್ದೇಶವು ಇಮ್ಮಡಿಯಾಗಿದೆ’ ಎಂದು ಬರೆದದ್ದುಂಟು, ಈಗ ನೆನೆದರೆ ನಾಚಿಕೆ. ‘ಉದ್ದೇಶ ಎರಡು’ ಎಂದರೆ ಮುಗಿಯಿತು. ‘ಇಬ್ಬಗೆಯ ಉದ್ದೇಶ’ ಮಾತ್ರ ಬೇಡ. ಇಬ್ಬಗೆ ನೀತಿ ಎಂದು ಬೈದು ಬೈದು ಆ ಪದಕ್ಕೆ ಕಪಟದ ವಾಸನೆ ಹತ್ತಿದೆ.

ಪ್ರಮಾಣದಲ್ಲೇ ದುಡ್ಡು ಹೋಗುವುದು. 100 ಕ್ವಿಂಟಲ್ ‘ಟೂಫೋಲ್ಡ್’ ಏರಿದರೆ 200. ‘ಎರಡು ಪಟ್ಟು ಹೆಚ್ಚಾಯಿತು’ ಎಂದು ಬರೆದರೆ ಲೆಕ್ಕ ಗೊತ್ತಿದ್ದವರು ಇದ್ದ 100ಕ್ಕೆ 200 ಸೇರಿಸಿ 300 ಎನ್ನುತ್ತಾರೆ, ಅವರದೂ ತಪ್ಪಲ್ಲ. ‘ಹೆಚ್ಚಾಯಿತು’ ತೆಗೆದು ‘ಎರಡು ಪಟ್ಟಾಯಿತು’ ಎನ್ನಬೇಕು, ಜಾಗ ಇದ್ದರೆ ‘100ರಿಂದ 200ಕ್ಕೆ’ ಎಂದು ಅಂಕಿಯನ್ನೇ ಕೂರಿಸಬೇಕು. ಇಳಿಕೆಯಾದರೆ ‘ಅರ್ಧಕ್ಕಿಳಿಯಿತು’. ‘ಎರಡು ಪಟ್ಟು ಕಡಿಮೆ’ ಎಂಬುದನ್ನು ತೂಕ ಮಾಡಿ ತೋರಿಸಲಿಕ್ಕೆ ಯಾವ ತಕ್ಕಡಿಯಿಂದಲೂ ಆಗದು.

ನೀರು ಬೆರೆಸುವ ಸೂಚನೆ ಇನ್ನೂ ಮೋಸದ್ದು. ‘ಟೂಫೋಲ್ಡ್ ಡೈಲ್ಯೂಷನ್’ ಎಂದರೆ ಒಟ್ಟು ಎರಡರಷ್ಟಾಗಬೇಕು: ಒಂದು ಲೋಟ ರಸಕ್ಕೆ ಒಂದೇ ಲೋಟ ನೀರು. ಹಿಂದೊಮ್ಮೆ ಮುರುಗಲು (ಕೋಕಂ) ಶರಬತ್ತಿನ ಲೇಬಲ್ಲಿಗೆ ‘ಎರಡು ಪಟ್ಟು ನೀರು ಹಾಕಿ’ ಎಂದು ಬರೆದು ಒಟ್ಟು ಮೂರು ಲೋಟವಾಯಿತು, ಕುಡಿದವರೆಲ್ಲ ಸಪ್ಪೆ ಎಂದರು. ಎರಡು ಸಾವಿರ ಲೇಬಲ್ಲು ಮತ್ತೆ ಅಚ್ಚಾಯಿತು, ಸುಮಾರು ಮೂರು ಸಾವಿರ ರೂಪಾಯಿ. ಅನುವಾದಕ್ಕೆ ಸಿಕ್ಕಿದ್ದು ಇನ್ನೂರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯಲ್ಲಾದರೆ ಇನ್ನೂ ಅನಾಹುತ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್ ಸೇರಿದರೆ ಶೇ. 1ರ ಬೋರ್ಡೋ ದ್ರಾವಣ, ಅದೇ ಆ ಔಷಧಿ. ಅದೇ ತುತ್ತ, ಸುಣ್ಣಕ್ಕೆ ನೀರು 300 ಲೀಟರ್ ಆಯಿತೆಂದರೆ ಶೇ. 0.33. ಅಂಥದ್ದನ್ನು ಹೊಡೆದು ಕೊಳೆ ನಿಲ್ಲಲಿಲ್ಲ ಎಂದರೆ ಯಾರನ್ನು ಕೇಳುವುದು? ಆದ್ದರಿಂದ ಔಷಧಿಯ ಹಾಳೆಯಲ್ಲಿ ‘ಪಟ್ಟು’ ಎಂಬ ಪದವನ್ನೇ ಬಿಟ್ಟು ಲೀಟರ್ ಬರೆಯುವುದು.

ಸಂಶೋಧನಾ ಕೋಷ್ಟಕಗಳಲ್ಲಿ ಬರುವ ‘ಫೋಲ್ಡ್ ಚೇಂಜ್’ಗೆ, ಅಂದರೆ ಎಷ್ಟು ಪಟ್ಟು ಬದಲಾಯಿತು ಎಂಬ ಅಂಕಿಗೆ, ಬೇರೆ ಉಪಾಯವಿದೆ. ಪುಟಕ್ಕೆ ಐವತ್ತು ರೂಪಾಯಿ ಹೆಚ್ಚು ಹುಟ್ಟುವುದು ಅದರಿಂದಲೇ, ಇಲ್ಲಿ ಹೇಳುವುದಿಲ್ಲ.

ಇದರ ನೆಂಟರನ್ನೂ ಪರೀಕ್ಷಿಸಿ ನೋಡಿದ್ದಾಯಿತು. ‘ಡ್ಯುಯಲ್’ಗೆ ದುಪ್ಪಟ್ಟು ಹೊಂದುವುದಿಲ್ಲ, ಅದು ಎರಡು ಒಟ್ಟಿಗಿರುವುದು: ಎರಡು ಸಿಮ್ಮಿನ ಫೋನು. ಕಾರವಾರದ ಮೇಲೆ ಹಾಯುವ ಕೊಂಕಣ ರೈಲ್ವೆಯದು ಬಹುತೇಕ ಒಂಟಿ ಹಳಿ. ಅದರ ‘ಡಬ್ಲಿಂಗ್’ ಬಗ್ಗೆ ಬರೆಯುವಾಗ ‘ರೈಲ್ವೆ ದ್ವಿಗುಣ’ ಎಂದರೆ ಓದುವವರು ರೈಲಿನ ಸಂಖ್ಯೆ ಹೆಚ್ಚುತ್ತದೆ ಎಂದುಕೊಂಡರು, ‘ಜೋಡಿ ಹಳಿ’ ಎಂದ ಮೇಲೆ ಪ್ರಶ್ನೆ ಬರಲಿಲ್ಲ.

ಇನ್ನೂ ಕೈಗೆ ಸಿಗದಿರುವುದು ‘ಬೈಮಂತ್ಲಿ’. ‘ಬೈಆನ್ಯುಯಲ್’ ವರ್ಷಕ್ಕೆರಡು ಸಲ, ‘ಬೈಯೆನ್ನಿಯಲ್’ ಎರಡು ವರ್ಷಕ್ಕೊಮ್ಮೆ, ಅಲ್ಲಿಗೆ ಸರಿ. ಬೈಮಂತ್ಲಿಯನ್ನು ಮಾತ್ರ ಇಂಗ್ಲಿಷಿನವರೇ ತಿಂಗಳಿಗೆರಡು ಸಲ ಎಂದೂ ಎರಡು ತಿಂಗಳಿಗೊಮ್ಮೆ ಎಂದೂ ಬಳಸುತ್ತಾರೆ. ಅದು ಬಂದಾಗ ಪೆನ್ನು ಕೆಳಗಿಟ್ಟು ಹಾಳೆ ಕಳಿಸಿದವರಿಗೆ ಫೋನು ಮಾಡುವುದೇ.